ನೋಡುವುದಕ್ಕೆ ಪುರುಸೊತ್ತು

ಡಿಸೆಂಬರ್ 29 ಕುವೆಂಪು ಹುಟ್ಟಿದ ದಿನ. ನಮ್ಮ ರಾಜ್ಯದಲ್ಲಿ ಅದನ್ನು ವಿಶ್ವಮಾನವ ದಿನ ಅಂತ ಆಚರಿಸುತ್ತಾರೆ. ಆ ದಿನ ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯ ಅಂಗಳದಲ್ಲಿ ನಾನು ಆಡಿದ ಮಾತು ಇದು. ಒಬ್ಬ ಹುಡುಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ. ಅದನ್ನು ಕೇಳಿಕೊಂಡು ಬರೆದಿದ್ದೇನೆ. ಅಲ್ಲಲ್ಲಿ ಮಾತು ಒಂದರಿಂದ ಇನ್ನೊಂದಕ್ಕೆ ಹಾರಿದೆ, ಹಾಗೇ ಬಿಟ್ಟಿದ್ದೇನೆ. ಕೊನೆಗೆ ಒಬ್ಬರು ಕೇಳಿದ ಪ್ರಶ್ನೆಯನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಅಡಿಕೆ ಸುಲಿತ ಜೋರಾಗಿರುವ ದಿನಗಳಿವು. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗಾರರು ಸಿಗುವುದೇ ಕಷ್ಟ, ಸಿಕ್ಕ ದಿನ ಊಟ ನಿದ್ದೆ ಬಿಟ್ಟು ಕೊಯ್ಲು ಮುಗಿಸಬೇಕು. ಅಂಥದ್ದರಲ್ಲಿ ನೀವು ಇಷ್ಟು ಜನ ಬಂದು ಕೂತಿದ್ದೀರಿ. ಮುಂದಿನ ಸಾಲಿನಲ್ಲಿರುವ ಅಮ್ಮಂದಿರ ಬೆರಳುಗಳಲ್ಲಿ ಅಡಿಕೆಯ ಕರೆ ಇನ್ನೂ ಹೋಗಿಲ್ಲ. ನಿಮ್ಮ ಹೊತ್ತನ್ನು ಹಾಳು ಮಾಡದ ಹಾಗೆ ಮಾತಾಡಬೇಕು ಅಂತ ಅಂದುಕೊಂಡೇ ಬಂದಿದ್ದೇನೆ.

ನನಗೆ ಕೊಟ್ಟ ವಿಷಯ, ಕುವೆಂಪು ಅವರ ಸರಳ ಬದುಕು ಮತ್ತು ಪ್ರಕೃತಿ ಪ್ರೇಮ. ಕೇಳಿದರೆ ಎರಡು ವಿಷಯ ಅನ್ನಿಸುತ್ತದೆ ಅಲ್ವಾ? ಬಿಳಿ ಜುಬ್ಬ, ಬಿಳಿ ಪಂಚೆ, ಅದು ಒಂದು. ಕಾಡು, ಮಳೆ, ಹಕ್ಕಿ, ಅದು ಇನ್ನೊಂದು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು ನಾನು. ಬಹಳ ವರ್ಷ ನಾನೂ ಹಾಗೇ ಎರಡು ಮಾಡಿ ಹೇಳುತ್ತಿದ್ದೆ, ಪರೀಕ್ಷೆಗೆ ಎರಡು ಪ್ಯಾರಾ ಬರೆಸುತ್ತಿದ್ದೆ. ಈಗ ನನಗೆ ಅವು ಒಂದೇ ಅಂತ ಅನ್ನಿಸುತ್ತದೆ. ನಮ್ಮ ಕಡೆ ಒಂದು ಮಾತಿದೆ, ಪುರುಸೊತ್ತು. ಆ ಮನುಷ್ಯ ತನ್ನ ಬದುಕಿನಲ್ಲಿ ಪುರುಸೊತ್ತನ್ನು ಕಾಪಾಡಿಕೊಂಡರು. ಮನೆಯಲ್ಲಿ ಸಾಮಾನು ಕಡಿಮೆ, ಓಡಾಟ ಕಡಿಮೆ, ಆಡಂಬರ ಕಡಿಮೆ ಮಾಡಿಕೊಂಡಿದ್ದು ನೋಡುವುದಕ್ಕೆ ಪುರುಸೊತ್ತು ಬೇಕಾಗಿತ್ತು ಅಂತ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದಿದ್ದೆಲ್ಲ ಇದರ ಸುತ್ತ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಸರಳವಾಗಿ ಬದುಕಿದರು ಅಂದ ಕೂಡಲೇ ಮಕ್ಕಳು ಬಡವರ ಮನೆ ಹುಡುಗ ಅಂತ ಅಂದುಕೊಳ್ಳುತ್ತಾರೆ. ಇಲ್ಲಿಂದ ಕುಪ್ಪಳಿ ಎಷ್ಟು ದೂರ? ತೀರ್ಥಹಳ್ಳಿಯಿಂದ ಕೊಪ್ಪದ ರಸ್ತೆಯಲ್ಲಿ ಹೋಗಿ ಗಡಿಕಲ್ಲಿನ ಹತ್ತಿರ ತಿರುಗಿದರೆ ಸಿಗುತ್ತದೆ. ನಿಮ್ಮಲ್ಲಿ ಜಾಸ್ತಿ ಜನ ಆ ಮನೆ ನೋಡಿದ್ದೀರಿ. ದೊಡ್ಡ ತೊಟ್ಟಿಮನೆ, ಉಪ್ಪರಿಗೆ, ಕೆತ್ತನೆ ಮಾಡಿದ ದಪ್ಪ ಕಂಬಗಳು. ಆಳು ಕಾಳು ಇದ್ದ ಗೌಡರ ಮನೆ ಅದು. 1904ರಲ್ಲಿ ತಾಯಿಯ ತವರು ಹಿರೇಕೊಡಿಗೆಯಲ್ಲಿ ಹುಟ್ಟಿದ ಪುಟ್ಟಪ್ಪ ಬೆಳೆದಿದ್ದು ಈ ಮನೆಯಲ್ಲಿ. ತಂದೆ ಬೇಗ ತೀರಿಕೊಂಡರು, ಅದು ನಿಜ, ದುಃಖ ಇತ್ತು. ಆದರೆ ಹೊಟ್ಟೆ ಬಟ್ಟೆಗೆ ಇಲ್ಲದ ಕಾರಣಕ್ಕೆ ಸರಳವಾದವರಲ್ಲ ಅವರು. ಇಲ್ಲದವನು ಕಡಿಮೆಯಲ್ಲಿ ಬದುಕುವುದಕ್ಕೆ ಕಷ್ಟ ಅಂತ ಹೆಸರು. ಅದನ್ನು ನಾವು ಹೊಗಳಬಾರದು. ಇದ್ದೂ ಸಾಕು ಅನ್ನುವುದು ಬೇರೆ.

ಇನ್ನೊಂದು ತಪ್ಪು ತಿಳಿವಳಿಕೆ ಕಾಡಿನ ಬಗ್ಗೆ. ಈಗ ವಾರದ ಕೊನೆಗೆ ಕಾರಿನಲ್ಲಿ ಬಂದು ಆಗುಂಬೆಯಲ್ಲಿ ಸೂರ್ಯ ಮುಳುಗುವುದನ್ನು ನೋಡಿ ಹೋಗುವವರಿಗೆ ಮಲೆನಾಡು ಅಂದರೆ ಚಂದ. ಅವರ ಮೇಲೆ ನನಗೆ ಸಿಟ್ಟಿಲ್ಲ, ಚಂದ ಇರುವುದು ಹೌದು. ಆದರೆ ಕುವೆಂಪು ಹುಡುಗನಾಗಿದ್ದಾಗ ಈ ನಾಡು ಹೇಗಿತ್ತು? ಮಲೇರಿಯಾ ಜ್ವರಕ್ಕೆ ಮನೆ ಮನೆಯೇ ಮಲಗುತ್ತಿತ್ತು. ಹೊಟ್ಟೆಯಲ್ಲಿ ಜ್ವರಗಡ್ಡೆ ಬೆಳೆದ ಮಕ್ಕಳು ಪ್ರತಿ ಊರಿನಲ್ಲೂ ಇದ್ದರು. ಜೂನ್‌ನಲ್ಲಿ ಹಿಡಿದ ಜಡಿಮಳೆ ತಿಂಗಳುಗಟ್ಟಲೆ ಬಿಡುತ್ತಿರಲಿಲ್ಲ. ಆಗುಂಬೆಯಲ್ಲಿ ಈಗಲೂ ವರ್ಷಕ್ಕೆ 7000 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ, ಆಗ ರಸ್ತೆಯೂ ಇಲ್ಲ, ಸೇತುವೆಯೂ ಇಲ್ಲ. ಕಂಬಳಿಕೊಪ್ಪೆ ಹಾಕಿಕೊಂಡು ಹೊರಟರೆ ಕಾಲಿಗೆ ರಕ್ತ ಹೀರುವ ಇಂಬಳ. ಕೊಟ್ಟಿಗೆಗೆ ಹುಲಿ ಬರುತ್ತಿತ್ತು. ಹುಡುಗ ಪುಟ್ಟಪ್ಪನೂ ಕೋವಿ ಹಿಡಿದವರ ಹಿಂದೆ ಕಾಡು ಸುತ್ತಿದವನೇ. ಅವರು ಪ್ರೀತಿಸಿದ್ದು ಈ ಕಾಡನ್ನು. ಹೆದರಿಸುವ, ಕಚ್ಚುವ, ಜ್ವರ ತರುವ ಕಾಡನ್ನು. ಅದಕ್ಕೇ ಅವರ ಬರಹದಲ್ಲಿ ಕಾಡು ಹಿಂದೆ ತೂಗುಹಾಕಿದ ಚಿತ್ರದ ಹಾಗೆ ಕಾಣುವುದಿಲ್ಲ. ಮೈಗೆ ಅಂಟುತ್ತದೆ. ಅಲ್ಲಿನ ಜನರ ನೋವೂ ಕಾಣುತ್ತದೆ, ಜೀತದ ಆಳುಗಳು, ಹೊಡೆತ, ಹಸಿವು. ಚಂದ ಮಾತ್ರ ಕಾಣುವ ಕಣ್ಣು ಅದಲ್ಲ.

ಓದಲು ಮೈಸೂರಿಗೆ ಹೋದರು. ಆಗ ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದರು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದರು. ಈ ಹುಡುಗ ತನ್ನ ಪದ್ಯಗಳನ್ನು ತೋರಿಸಿದ. ನಿನ್ನ ಭಾಷೆಯಲ್ಲಿ ಯಾಕೆ ಬರೆಯಬಾರದು ಅಂತ ಅವರು ಕೇಳಿದರು. ಈ ಕಥೆ ನಿಮಗೆಲ್ಲ ಗೊತ್ತು. ಇದನ್ನು ಕನ್ನಡದ ಅಭಿಮಾನಕ್ಕೆ ಅಂತಲೇ ಎಲ್ಲರೂ ಹೇಳುತ್ತಾರೆ. ನನಗೆ ಇದರಲ್ಲಿ ಇನ್ನೊಂದು ಕಾಣುತ್ತದೆ. ಕಾಜಾಣ, ಕಾಮಳ್ಳಿ, ಪಿಕಳಾರ, ಕುಟುರ, ಮಡಿವಾಳ, ಇವನ್ನೆಲ್ಲ ನೋಡಿ ಬೆಳೆದ ಹುಡುಗ ತಾನು ಕಾಣದ ದೇಶದ ಹಕ್ಕಿಗಳ ಭಾಷೆಯಲ್ಲಿ ಬರೆಯುತ್ತಿದ್ದ. ಕನ್ನಡಕ್ಕೆ ತಿರುಗಿದ ಕೂಡಲೇ ತನ್ನ ಹಕ್ಕಿಗಳ ಹೆಸರು ಕೈಗೆ ಬಂತು. ಮನೆಯಲ್ಲೇ ಇದ್ದ ಬುಟ್ಟಿಯಿಂದ ತೆಗೆದುಕೊಂಡ ಹಾಗೆ. ಇದೂ ಒಂದು ಸರಳತೆ ಅಲ್ವಾ? ದೂರದಿಂದ ತರಿಸುವುದನ್ನು ನಿಲ್ಲಿಸಿದ್ದು.

ಮೈಸೂರಿನಲ್ಲಿ ಕಾಯಿಲೆ ಬಿದ್ದಾಗ ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಅವರನ್ನು ಆಶ್ರಮಕ್ಕೆ ಕರೆದುಕೊಂಡು ಹೋದರು. ಅಲ್ಲಿ ಹಲವು ವರ್ಷ ಇದ್ದರು. 1929ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾದರು. ಕೈಗೆ ಸಂಬಳ ಬಂದ ಮೇಲೂ ಆಶ್ರಮ ಬಿಡಲಿಲ್ಲ. ಇದನ್ನು ಸ್ವಲ್ಪ ಯೋಚನೆ ಮಾಡಿ. ಇಪ್ಪತ್ತೈದು ವರ್ಷದ ಹುಡುಗ, ಸರ್ಕಾರಿ ಕೆಲಸ, ಊರಿನಲ್ಲಿ ಆಸ್ತಿ. ನಮ್ಮ ಮನೆಗಳಲ್ಲಿ ಆಗಿದ್ದರೆ ಮೊದಲ ತಿಂಗಳಿನಿಂದಲೇ ಹೊಸ ಮನೆ, ಹೆಣ್ಣು ನೋಡುವುದು, ಬೇಕಾದ್ದು ಬೇಡದ್ದು ಎಲ್ಲ ಶುರು. ಅವರು 1937ರಲ್ಲಿ ಹೇಮಾವತಿಯವರನ್ನು ಮದುವೆಯಾಗುವ ಹೊತ್ತಿಗೆ ಮೂವತ್ತೆರಡು ವರ್ಷ ದಾಟಿತ್ತು. ಅಷ್ಟು ವರ್ಷ ಒಂದು ಕೋಣೆ, ಪುಸ್ತಕ, ಧ್ಯಾನ, ನಡಿಗೆ.

ನಡಿಗೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಮೈಸೂರಿನಲ್ಲಿ ಒಂದು ಕೆರೆ ಇದೆ, ಕುಕ್ಕರಹಳ್ಳಿ ಕೆರೆ. ಕುವೆಂಪು ಅದನ್ನು ಕುಕ್ಕನಹಳ್ಳಿ ಅಂತ ಬರೆಯುತ್ತಿದ್ದರು. ಅದರ ಏರಿಯ ಮೇಲೆ ತಿರುಗಾಡುವುದು ಅವರಿಗೆ ಬಹಳ ಪ್ರೀತಿ. ಮೈಸೂರಿನಲ್ಲಿ ಓದುತ್ತಿದ್ದಾಗ ನಾನೂ ಆ ಏರಿಯ ಮೇಲೆ ನಡೆದಿದ್ದೇನೆ. ಒಂದು ಸುತ್ತು ಹಾಕುವುದಕ್ಕೆ ಮುಕ್ಕಾಲು ಗಂಟೆ ಬೇಕು, ನೋಡುತ್ತಾ ನಡೆದರೆ ಎರಡು ಗಂಟೆಯೂ ಸಾಲದು. ಹತ್ತಿರದಲ್ಲೇ ಚಿನ್ನದ ಅಂಬಾರಿಯ ಊರು, ಅರಮನೆ, ದಸರಾ ದೀಪ. ಆದರೆ ಅವರ ಪದ್ಯಕ್ಕೆ ಬಂದಿದ್ದು ಏನು? ಇಲ್ಲಿ, ನಮ್ಮ ತುಂಗೆಯ ಮೇಲೆ, ಬಾನಿನಲ್ಲಿ ಸಾಲಾಗಿ ಹಾರಿಹೋದ ಬೆಳ್ಳಕ್ಕಿಗಳು. ಆ ಸಾಲನ್ನು ನೋಡಿ ಅವರಿಗೆ ದೇವರು ಬಾನಿನ ಮೇಲೆ ತನ್ನ ರುಜು ಹಾಕಿದ ಹಾಗೆ ಕಂಡಿತು. ನಾವು ರುಜು ಹಾಕುವುದು ಎಲ್ಲಿ? ಬ್ಯಾಂಕಿನ ಕಾಗದ, ಪಹಣಿ ಅರ್ಜಿ, ಸೊಸೈಟಿ ಸಾಲ. ಇದು ನನ್ನದು ಅಂತ ಹೇಳುವುದಕ್ಕೆ ರುಜು. ಆ ಮನುಷ್ಯನಿಗೆ ಬಾನಿನಲ್ಲಿ ರುಜು ಕಂಡಿತು, ಅದರ ಕೆಳಗೆ ನಿಂತು ನೋಡಿ ಖುಷಿಪಟ್ಟು ಮನೆಗೆ ಹೋದರು. ತನ್ನದು ಮಾಡಿಕೊಳ್ಳಬೇಕು ಅನ್ನಿಸಲಿಲ್ಲ. ಈ ಪದ್ಯ ಪಾಠ ಮಾಡುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತಿತ್ತು, ಈಗಲೂ ಕಟ್ಟುತ್ತದೆ.

ಮುಂದೆ ಅವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ದೊಡ್ಡ ಅಧಿಕಾರ. ಆ ಅಧಿಕಾರದಲ್ಲಿ ಕಟ್ಟಿದ ಹೊಸ ಆವರಣ ಅದೇ ಕೆರೆಯ ಪಕ್ಕ. ಅದಕ್ಕೆ ಮಾನಸಗಂಗೋತ್ರಿ ಅಂತ ಹೆಸರಿಟ್ಟವರೂ ಅವರೇ. ವಿಶ್ವವಿದ್ಯಾನಿಲಯಕ್ಕೆ ನದಿ ಹುಟ್ಟುವ ಜಾಗದ ಹೆಸರು! ತುಂಗೆ ಗಂಗಾಮೂಲದಲ್ಲಿ ಸಣ್ಣ ನೀರಾಗಿ ಹುಟ್ಟಿ, ಶೃಂಗೇರಿ ದಾಟಿ, ನಮ್ಮ ತೀರ್ಥಹಳ್ಳಿ ದಾಟಿ, ಶಿವಮೊಗ್ಗದ ಆಚೆ ಕೂಡ್ಲಿಯಲ್ಲಿ ಭದ್ರೆಯನ್ನು ಸೇರುವುದನ್ನು ಬಲ್ಲ ಊರಿನವರು ಅವರು. ಆ ಹೆಸರು ಸುಮ್ನೆ ಹೊಳೆಯುವುದಿಲ್ಲ.

ಪ್ರಶಸ್ತಿಗಳ ಪಟ್ಟಿ ನಾನು ಹೇಳುವುದಿಲ್ಲ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು ಅಂತ ಒಂದೇ ಮಾತು ಸಾಕು. ಆ ಪ್ರಶಸ್ತಿ ಬಂದಿದ್ದು 1949ರಲ್ಲಿ ಅಚ್ಚಾದ ಅವರ ರಾಮಾಯಣಕ್ಕೆ. ಅದರಲ್ಲಿ ಕಿಷ್ಕಿಂಧೆಯ ಮಳೆಗಾಲ ಬರುತ್ತದೆ. ಓದಿ ನೋಡಿ. ಕಪ್ಪೆ, ಜೀರುಂಡೆ, ಕಪ್ಪು ಮೋಡ, ಬಿಡದೆ ಹೊಡೆಯುವ ಮಳೆ. ಅದು ನಮ್ಮ ಮಳೆ! ಸೀತೆಯನ್ನು ಕಳೆದುಕೊಂಡ ರಾಮ ಗುಹೆಯಲ್ಲಿ ಕೂತು ಆಷಾಢ ಕಳೆಯುತ್ತಾನೆ. ಹೊರಗೆ ಬೀಳುವುದು ಸಹ್ಯಾದ್ರಿಯ ಜಡಿಮಳೆ. ಮಳೆಗಾಲದಲ್ಲಿ ಮನೆಯೊಳಗೇ ಕೂತು, ಬಚ್ಚಲು ಒಲೆಯ ಮುಂದೆ ಮೈ ಕಾಯಿಸಿಕೊಳ್ಳುತ್ತಾ, ಹೊಳೆ ಯಾವಾಗ ಇಳಿಯುತ್ತದೋ ಅಂತ ಕಾದವರಿಗೆ ಆ ರಾಮನ ಬೇಸರ ಬೇಗ ಅರ್ಥವಾಗುತ್ತದೆ.

ಇನ್ನು 1967ರ ಅವರ ದೊಡ್ಡ ಕಾದಂಬರಿ, ಮಲೆಗಳಲ್ಲಿ ಮದುಮಗಳು. ಅದರ ಬಾಗಿಲಲ್ಲೇ ಅವರು ಬರೆದಿದ್ದಾರೆ, ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ. ಯಾವುದೂ ಯಃಕಶ್ಚಿತವಲ್ಲ ಅಂತಲೂ ಇದೆ. ಗುತ್ತಿ ಅನ್ನುವ ಆಳು ಮುಖ್ಯ, ಅವನ ನಾಯಿ ಹುಲಿಯನೂ ಮುಖ್ಯ. ಹುಲಿಯ ತುಂಬಿದ ತುಂಗೆಯ ಪಾಲಾಗುವ ಪುಟಗಳನ್ನು ಓದಿ ಅತ್ತವರು ಈ ಅಂಗಳದಲ್ಲೇ ಇರಬಹುದು. ಗೌಡರ ಮನೆಯಲ್ಲಿ ಹುಟ್ಟಿದವರು ಆಳಿನ ನಾಯಿಗೆ ಅಷ್ಟು ಪುಟ ಕೊಟ್ಟರು. ಇಲ್ಲಿ ನಾನು ಒತ್ತಿ ಹೇಳಬೇಕು. ಪ್ರಕೃತಿ ಪ್ರೇಮ ಅಂದರೆ ಗಿಡ ಮರ ಹಕ್ಕಿ ಅಂತ ಮಾತ್ರ ನಾವು ಹೇಳುತ್ತೇವೆ, ಪಕ್ಕದಲ್ಲಿ ಒಣಗಿದೆಲೆಯ ದರಗು ಹೊರುವ ಹೆಂಗಸು ಕಾಣುವುದಿಲ್ಲ. ಅವರಿಗೆ ಇಬ್ಬರೂ ಒಂದೇ ನೋಟದಲ್ಲಿ ಕಂಡರು. ದೊಡ್ಡದನ್ನೇ ನೋಡುವ ಆಸೆ ಬಿಟ್ಟವರಿಗೆ ಮಾತ್ರ ಸಣ್ಣದು ಹಾಗೆ ಕಾಣುತ್ತದೆ ಅಂತ ನನ್ನ ನಂಬಿಕೆ.

ಮದುವೆಯ ವಿಷಯಕ್ಕೆ ಬರುತ್ತೇನೆ, ಇಲ್ಲಿ ಮದುವೆ ವಯಸ್ಸಿನ ಮಕ್ಕಳ ತಂದೆ ತಾಯಿ ಬಹಳ ಜನ ಇದ್ದೀರಿ. ಕುವೆಂಪು ಮಂತ್ರ ಮಾಂಗಲ್ಯ ಅಂತ ಒಂದು ಮದುವೆಯ ರೀತಿ ಮಾಡಿಕೊಟ್ಟರು. ಪುರೋಹಿತರಿಲ್ಲ, ಮುಹೂರ್ತ ಇಲ್ಲ, ವರದಕ್ಷಿಣೆ ಇಲ್ಲ. ಕೆಲವೇ ಜನರ ಮುಂದೆ ಗಂಡು ಹೆಣ್ಣು ಪ್ರತಿಜ್ಞೆ ಓದಿ ಮದುವೆಯಾಗುತ್ತಾರೆ. ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ 1966ರಲ್ಲಿ ಹಾಗೇ ಆಯಿತು. ಬೇರೆಯವರಿಗೆ ಹೇಳಿ ತನ್ನ ಮನೆಯಲ್ಲಿ ಚಪ್ಪರ ಹಾಕಿಸಿದವರಲ್ಲ. ಆ ಮಗನೂ ಪೇಟೆ ಬಿಟ್ಟು ಮೂಡಿಗೆರೆಯ ಕಡೆ ತೋಟ ಮಾಡಿಕೊಂಡು, ಗಾಳ ಹಾಕಿಕೊಂಡು, ಹಕ್ಕಿಗಳ ಫೋಟೋ ತೆಗೆದುಕೊಂಡು ಬದುಕಿದರು. ಮಕ್ಕಳು ತಂದೆಯನ್ನು ಅಣ್ಣ ಅಂತ ಕರೆಯುತ್ತಿದ್ದರಂತೆ. ಅಣ್ಣನಿಂದ ಮಗನಿಗೆ ಬಂದ ಆಸ್ತಿ ಅಂದರೆ ನನ್ನ ಪ್ರಕಾರ ಪುರುಸೊತ್ತೇ.

ನಮ್ಮ ಮನೆಯ ಕಥೆಯನ್ನೂ ಹೇಳಿಬಿಡುತ್ತೇನೆ. ನನ್ನ ಮಗಳು ತನಗೆ ಮಂತ್ರ ಮಾಂಗಲ್ಯವೇ ಬೇಕು ಅಂದಳು. ಅತ್ತಿಗೆ ಮೂರು ದಿನ ಮಾತು ಬಿಟ್ಟರು. ಊರಿಗೆಲ್ಲ ಊಟ ಹಾಕದಿದ್ದರೆ ಮುಖ ತೋರಿಸುವುದು ಹೇಗೆ ಅಂತ ಅವರ ಸಂಕಟ, ಅದು ಸುಳ್ಳು ಸಂಕಟ ಅಲ್ಲ, ನಾವೂ ಎಷ್ಟೋ ಮನೆಗಳ ಊಟ ಉಂಡವರೇ. ಕೊನೆಗೆ ಮನೆಯ ಅಂಗಳದಲ್ಲಿ ಅಡಿಕೆ ಸೋಗೆಯ ಚಪ್ಪರ ಹಾಕಿ, ಅರವತ್ತು ಜನ ಕೂತು ಮದುವೆ ಮಾಡಿದೆವು. ಪ್ರತಿಜ್ಞೆ ಓದುವಾಗ ಅಳಿಯನ ಧ್ವನಿ ನಡುಗಿತು. ಎಲ್ಲರಿಗೂ ಕೇಳಿಸಿತು, ಯಾಕೆಂದರೆ ವಾಲಗ ಇರಲಿಲ್ಲ, ಮೈಕು ಇರಲಿಲ್ಲ. ಊಟ ಆದ ಮೇಲೆ ಸಂಜೆಯವರೆಗೆ ಜಗಲಿಯಲ್ಲಿ ಕೂತು ಮಾತಾಡಿದೆವು. ಅತ್ತಿಗೆ ಬೀಗಿತ್ತಿಯ ಜೊತೆ ಕೂತು ಎಳೆ ಹಲಸಿನ ಪಲ್ಯದಿಂದ ಹಿಡಿದು ತಮ್ಮ ತವರಿನವರೆಗೆ ಮಾತಾಡಿದರು. ಛತ್ರದ ಮದುವೆಯಲ್ಲಿ ಬೀಗರ ಮುಖ ನೋಡುವುದಕ್ಕೂ ಹೊತ್ತಿರುವುದಿಲ್ಲ, ಅಲ್ವಾ?

ಈಗ ಕವಿಶೈಲ. ಕುಪ್ಪಳಿ ಮನೆಯ ಹಿಂದಿನ ಗುಡ್ಡ ಹತ್ತಿದರೆ ಸಿಗುವ ಬಂಡೆ. ಕಲಾವಿದ ಕೆ. ಟಿ. ಶಿವಪ್ರಸಾದ್ ಅವರ ಕಲ್ಪನೆಯ ದೊಡ್ಡ ಕಲ್ಲುಗಳು ಅಲ್ಲಿ ಬಂದಿದ್ದು ಆಮೇಲೆ. ಹುಡುಗ ಪುಟ್ಟಪ್ಪ ಹತ್ತುತ್ತಿದ್ದಾಗ ಅಲ್ಲಿ ಬಂಡೆ, ಕಾಡು, ಆಚೆ ಅಲೆ ಅಲೆಯಾಗಿ ಬೆಟ್ಟ, ಇಷ್ಟೇ. ಗುರುಗಳಾದ ಬಿ. ಎಂ. ಶ್ರೀ. ಮತ್ತು ಟಿ. ಎಸ್. ವೆಂಕಣ್ಣಯ್ಯನವರ ಹೆಸರೂ ಆ ಬಂಡೆಯ ಮೇಲಿದೆ, ಪಕ್ಕದಲ್ಲಿ ಶಿಷ್ಯನದೂ ಇದೆ. ಊರಿಗೆ ಬಂದ ದೊಡ್ಡವರನ್ನು ಕರೆದುಕೊಂಡು ಹೋಗಿ ಕೂರಿಸುವುದಕ್ಕೆ ಅವರ ಹತ್ತಿರ ಇದ್ದ ಒಳ್ಳೆಯ ಜಾಗ ಅದು. ಅಲ್ಲಿ ಕೂತು ಗೆಳೆಯರಿಗೆ ಅವರು ಪದ್ಯದಲ್ಲಿ ಹೇಳಿದ ಮಾತು, ಇಲ್ಲಿ ಮಾತೇ ಮೈಲಿಗೆ, ಸುಮ್ಮನಿರಿ ಅಂತ. ಮೈಲಿಗೆ ಅನ್ನುವ ಪದವನ್ನು ನಮ್ಮ ಸಮಾಜ ಮನುಷ್ಯರ ಮೇಲೆ ಎಷ್ಟು ಕೆಟ್ಟದಾಗಿ ಬಳಸಿದೆ ಅಂತ ಅವರಿಗೆ ಗೊತ್ತಿತ್ತು, ಜೀವನವಿಡೀ ಅದರ ವಿರುದ್ಧ ಬರೆದರು. ಆ ಪದವನ್ನು ಮನುಷ್ಯರಿಂದ ಕಿತ್ತು ಗದ್ದಲದ ಮೇಲೆ ಹಾಕಿದರು. ನನಗೆ ಇದು ಬಹಳ ದೊಡ್ಡ ಕೆಲಸವಾಗಿ ಕಾಣುತ್ತದೆ.

ಒಂದು ವರ್ಷ ನಾನು ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಹತ್ತು ನಿಮಿಷ ಯಾರೂ ಮಾತಾಡಬಾರದು ಅಂದೆ. ಮೊದಲ ಎರಡು ನಿಮಿಷ ಕಿಸಿಕಿಸಿ ನಗು. ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು. ಹತ್ತು ನಿಮಿಷ ಆದ ಮೇಲೂ ಯಾರೂ ಏಳಲಿಲ್ಲ, ನಾನೂ ಏಳಿಸಲಿಲ್ಲ. ಇಳಿದು ಬರುವಾಗ ಒಬ್ಬ ಹುಡುಗಿ, ಕ್ಲಾಸಿನಲ್ಲಿ ಬಾಯಿಯೇ ಬಿಡದವಳು, ಹತ್ತಿರ ಬಂದು, "ಸರ್, ಅಲ್ಲಿ ಒಂದೇ ಹಕ್ಕಿ ನಾಲ್ಕು ಥರ ಕೂಗ್ತಿತ್ತು, ನಾನು ನೋಡಿದೆ" ಅಂದಳು. ಬಾಲದಲ್ಲಿ ಏನಾದರೂ ಇತ್ತಾ ಅಂತ ಕೇಳಿದೆ. ಎರಡು ಉದ್ದ ದಾರ, ತುದಿಯಲ್ಲಿ ಗರಿ ಅಂದಳು. ಕಾಜಾಣ! ಬೇರೆ ಹಕ್ಕಿಗಳ ಕೂಗನ್ನೆಲ್ಲ ಕಲಿತು ಕೂಗುವ ಹಕ್ಕಿ. ಅದನ್ನು ನಾನು ಪುಸ್ತಕದಿಂದ ಎಷ್ಟು ಸಲ ಹೇಳಿದ್ದೆನೋ. ಆ ಮಗು ಹತ್ತು ನಿಮಿಷ ಸುಮ್ಮನೆ ಕೂತು ತಾನೇ ಕಂಡುಕೊಂಡಿತು.

1994ರ ನವೆಂಬರ್ 11ರಂದು ಕುವೆಂಪು ಮೈಸೂರಿನಲ್ಲಿ ತೀರಿಕೊಂಡರು. ತಂದಿದ್ದು ಅದೇ ಕವಿಶೈಲಕ್ಕೆ. ಮೈಸೂರಿನ ಉದಯರವಿ ಮನೆಯಿಂದ ಇಷ್ಟು ದೂರ, ಹುಡುಗನಾಗಿ ಸುಮ್ಮನೆ ಕೂರುತ್ತಿದ್ದ ಕಲ್ಲಿನ ಹತ್ತಿರಕ್ಕೆ. ನನ್ನ ಮಾತು ಇಲ್ಲಿಗೆ ನಿಲ್ಲಿಸುತ್ತೇನೆ.

ಮಾತು ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಒಬ್ಬ ಅಮ್ಮ ಎದ್ದು ನಿಂತರು. ಐವತ್ತೈದು ಅರವತ್ತು ವಯಸ್ಸಿರಬಹುದು. "ಮೇಷ್ಟ್ರೇ, ನೀವು ಹೇಳಿದ್ದು ಚಂದ ಆತು. ಆದ್ರೆ ಅವ್ರಿಗೆ ಪುರುಸೊತ್ತು ಇತ್ತು ಅಂದ್ರಲ್ಲ, ಅವ್ರು ಕೆರೆ ಸುತ್ತುವಾಗ ಮನೇಲಿ ನಾಕು ಮಕ್ಕಳನ್ನ ಯಾರು ನೋಡ್ಕಂತಿದ್ರು?" ಅಂದರು. ಯಾರೂ ನಗಲಿಲ್ಲ. ನನಗೂ ತಕ್ಷಣ ಉತ್ತರ ಬರಲಿಲ್ಲ.

ಹೇಮಾವತಿಯಮ್ಮ ಅಂದೆ. ಆ ಹೆಸರನ್ನು ಇಡೀ ಮಾತಿನಲ್ಲಿ ಒಂದೇ ಸಲ, ಮದುವೆಯ ವರ್ಷ ಹೇಳುವುದಕ್ಕೆ ಮಾತ್ರ ತಂದಿದ್ದೆ. ಕವಿ ಅವರ ಮೇಲೆ ಎಷ್ಟೋ ಪದ್ಯ ಬರೆದಿದ್ದಾರೆ, ಪ್ರೀತಿಯಿಂದ ಬರೆದಿದ್ದಾರೆ. ಆದರೂ ಆ ಪ್ರಶ್ನೆ ಉಳಿಯುತ್ತದೆ. ಒಬ್ಬರ ಪುರುಸೊತ್ತನ್ನು ಇನ್ನೊಬ್ಬರು ಒಲೆಯ ಮುಂದೆ ನಿಂತು ಕಾಯುತ್ತಾರೆ. ಮುಂದೆ ಈ ವಿಷಯ ಮಾತಾಡುವಾಗ ಇದನ್ನು ಬಿಟ್ಟು ಮಾತಾಡುವುದಿಲ್ಲ, ನಿಮ್ಮ ಮಾತು ಸರಿ ಅಂತ ಹೇಳಿದೆ.

ಅವರು ಕೂರಲಿಲ್ಲ. ಇನ್ನೊಂದು ಕೇಳಬೇಕು ಅಂದರು. ಮಳೆಗಾಲದಲ್ಲಿ ಬೆಳಗಿನ ಜಾವ ಕೊಟ್ಟಿಗೆಗೆ ಹೋಗುವಾಗ ಹಳ್ಳದ ಕಡೆಯಿಂದ ಒಂದು ಹಕ್ಕಿ ಕೂಗುತ್ತದಂತೆ, ಥೇಟ್ ಹುಡುಗರು ಸಿಳ್ಳೆ ಹಾಕಿಕೊಂಡು ಹೋದ ಹಾಗೆ, ಅದರ ಹೆಸರೇನು ಅಂತ. ಸಿಳ್ಳಾರ ಅಂತಾರೆ ಅಮ್ಮ, ಕಡುನೀಲಿ ಬಣ್ಣದ ಹಕ್ಕಿ, ನೀರಿರುವ ಕಡೆಯೇ ಇರುತ್ತದೆ ಅಂದೆ.

"ಸಿಳ್ಳಾರ," ಅಂತ ಒಂದು ಸಲ ಹೇಳಿ ನೋಡಿದರು. "ಅದು ಕೂಗೋಕೆ ಹಿಡಿದ್ರೆ ನಾನು ತಂಬಿಗೆ ಹಿಡ್ಕಂಡು ಹಂಗೇ ನಿಂತುಬಿಡ್ತೀನಿ. ಒಳಗೆ ಕರು ಕೂಗ್ತಿರ್ತದೆ" ಅಂದರು.